ಇದ್ದಂತೆಯೇ ಕಳುಹಿಸಿ

ಮೂರು ವಾರಗಳಿಂದ ಕೈಗೆ ಸಿಗದೆ ತಪ್ಪಿಸಿಕೊಳ್ಳುತ್ತಿದ್ದ ಒಂದು ದೋಷವು ನಿನ್ನೆ ಸಂಜೆ, ನಾನು ಕರೆದಾಗಲೆಲ್ಲ, ನನ್ನ ಪರದೆಯ ಮೇಲೆ ತಪ್ಪದೆ ಬಂದು ನಿಲ್ಲತೊಡಗಿತು. ತಂತ್ರಾಂಶ ಬರೆಯುವ ಕಸುಬಿನಲ್ಲಿ ಇದಕ್ಕಿಂತ ಮಿಗಿಲಾದ ಸುಖವನ್ನು ನಾನು ಕಂಡಿಲ್ಲ. ಹೊಸದನ್ನು ಕಟ್ಟುವಾಗಿನ ಉತ್ಸಾಹವೂ ಕಟ್ಟಿದ್ದು ಮೊದಲ ಬಾರಿಗೆ ನಡೆದಾಗಿನ ಉಲ್ಲಾಸವೂ ನನಗೆ ಅಪರಿಚಿತವಲ್ಲ. ಆದರೆ ದೂರದ ಊರಿನಲ್ಲಿ ಯಾರನ್ನೋ ದಿನವೂ ಪೀಡಿಸುತ್ತಿರುವ ತಪ್ಪೊಂದನ್ನು, ಅದು ಹುಟ್ಟುವ ಸನ್ನಿವೇಶದ ಸಮೇತ ನನ್ನ ಮೇಜಿನ ಮೇಲೆ ಮರಳಿ ಹುಟ್ಟಿಸಿ, ಬೇಕೆಂದಾಗ ಬರಿಸಿ ಸಾಕೆಂದಾಗ ಕಳಿಸಬಲ್ಲೆನೆಂಬ ಹದಕ್ಕೆ ಬಂದಾಗ ಉಂಟಾಗುವ ತೃಪ್ತಿಯೇ ಬೇರೆ. ತಿದ್ದುವುದು ಆಮೇಲಿನ ಮಾತು. ಬಹುಮಟ್ಟಿಗೆ ಅದು ಒಂದೆರಡು ಸಾಲುಗಳ ಕೆಲಸ.

ದೂರು ಬಂದದ್ದು, ನಮ್ಮ ಪುಸ್ತಕಪಟ್ಟಿಯ ತಂತ್ರಾಂಶವನ್ನು ಬಳಸುವ, ತಾಲ್ಲೂಕು ಕೇಂದ್ರವೊಂದರ ಗ್ರಂಥಾಲಯದಿಂದ. "ಮಾನ್ಯರೇ, ಕೋಲಾರದ ಮೇಲಿನ ಪುಸ್ತಕ ನನ್ನ ಕಪಾಟಿನಲ್ಲಿದೆ, ನಿಮ್ಮ ಪಟ್ಟಿಯಲ್ಲೂ ಕಣ್ಣಿಗೆ ಕಾಣುತ್ತಿದೆ, ಹುಡುಕಿದರೆ ಮಾತ್ರ ಇಲ್ಲವೆಂದು ಬರುತ್ತದೆ. ಓದುಗರೆದುರು ನನ್ನ ಮಾತಿಗೆ ಬೆಲೆಯಿಲ್ಲದಂತಾಗಿದೆ" ಎಂದು ಗ್ರಂಥಪಾಲಕಿ ಬರೆದಿದ್ದರು. ನಮ್ಮ ತಂಡದ ತರುಣನೊಬ್ಬ ಕೋಲಾರವೆಂದು ತಾನೇ ಟೈಪು ಮಾಡಿ ಒಂದು ದಾಖಲೆಯನ್ನು ಸೇರಿಸಿ, ಹುಡುಕಿ, ಅದು ಸಿಕ್ಕಿತೆಂದು ಸಮಾಧಾನಗೊಂಡು, "ನಮ್ಮಲ್ಲಿ ರೀಪ್ರೊಡ್ಯೂಸ್ ಆಗುತ್ತಿಲ್ಲ" ಎಂಬ ಷರಾ ಬರೆದು ಟಿಕೆಟ್ಟನ್ನು ಮುಚ್ಚಿದ. ಆಕೆ ಮತ್ತೆ ಬರೆದರು, ಮತ್ತೆ ಮುಚ್ಚಲಾಯಿತು. ಮೂರನೆಯ ಪತ್ರದಲ್ಲಿ ಖಾರವಿತ್ತು. ಆ ಖಾರವನ್ನು ಕಂಡಮೇಲೆಯೇ ಅದು ನನ್ನವರೆಗೆ ಬಂದಿತೆಂಬುದು ನನಗೆ ಈಗಲೂ ನೋವಿನ ಸಂಗತಿ.

ನನ್ನದೊಂದು ಹಳೆಯ ಪದ್ಧತಿಯಿದೆ. ದೂರು ಕೊಟ್ಟವರಿಂದ ಅವರ ಕಡತವನ್ನೇ ತರಿಸಿಕೊಳ್ಳಬೇಕು: ಅದರ ಚಿತ್ರವನ್ನಾಗಲಿ, ವರ್ಣನೆಯನ್ನಾಗಲಿ, ನಾವು ಮರುಟೈಪು ಮಾಡಿದ ಪ್ರತಿಯನ್ನಾಗಲಿ ನೆಚ್ಚಬಾರದು. ಹಾಗೆ ಬಂದ ಕಡತದ ಒಂದು ನಕಲನ್ನು ಇಬ್ಭಾಗಿಸಿ, ದೋಷವು ಯಾವ ಅರ್ಧದಲ್ಲಿ ಉಳಿಯಿತೋ ಅದನ್ನಿಟ್ಟುಕೊಂಡು ಇನ್ನೊಂದನ್ನು ಬದಿಗಿರಿಸಿ, ಉಳಿದದ್ದನ್ನು ಮತ್ತೆ ಇಬ್ಭಾಗಿಸುತ್ತ ಹೋದರೆ, ನಲವತ್ತು ಸಾವಿರ ದಾಖಲೆಗಳ ರಾಶಿಯೂ ಹದಿನಾರು ಸಲ ಕತ್ತರಿಸುವಷ್ಟರಲ್ಲಿ ಒಂದೇ ದಾಖಲೆಗೆ ಇಳಿಯುತ್ತದೆ. ಅಲ್ಲಿಂದ ಮುಂದೆ ಪದ, ಪದದಿಂದ ಅಕ್ಷರ. ಹೀಗೆ ಬೇಡದ್ದೆಲ್ಲ ಉದುರಿ ಉದುರಿ, ಇನ್ನೊಂದು ಚೂರನ್ನು ತೆಗೆದರೂ ದೋಷವೇ ಮಾಯವಾಗುವುದೆಂಬ ಅಂಚಿಗೆ ಬಂದು ನಿಲ್ಲುವುದರಲ್ಲಿ, ಕಲ್ಲನ್ನು ಕೆತ್ತುವವನಿಗೆ ಮೂರ್ತಿ ಕಾಣುವಾಗಿನ ಸುಖವಿದೆಯೆಂದು ನಾನು ನಂಬಿದ್ದೇನೆ. ನಿನ್ನೆ ನನ್ನ ಕೈಯಲ್ಲಿ ಉಳಿದದ್ದು ಒಂದೇ ಅಕ್ಷರ: ಕೋ.

ಗಣಕದಲ್ಲಿ ಅಕ್ಷರಗಳಿಗೆ ಸಂಕೇತಗಳನ್ನು ಗೊತ್ತುಪಡಿಸುವ ಯೂನಿಕೋಡ್ ಶಿಷ್ಟತೆಯಲ್ಲಿ ಈ ಅಕ್ಷರವನ್ನು ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಬರೆದಿಡಬಹುದು. ಕಕಾರದ ಮುಂದೆ ಓತ್ವದ ಒಂದೇ ಸಂಕೇತವನ್ನಿಡುವುದು ಒಂದು ಬಗೆ. ಎತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರು ಸಂಕೇತಗಳನ್ನು ಸಾಲಾಗಿ ಇಡುವುದು ಇನ್ನೊಂದು. ಪರದೆಯ ಮೇಲೆ ಎರಡಕ್ಕೂ ಎಳ್ಳಷ್ಟು ಭೇದವಿಲ್ಲ. ಎರಡೂ ಸಮಾನವೆಂದು ಆ ಶಿಷ್ಟತೆಯೇ ಸಾರುತ್ತದೆ. ಹೋಲಿಸುವ ಮುನ್ನ ಎರಡನ್ನೂ ಒಂದು ರೂಪಕ್ಕೆ ತರಬೇಕಾದದ್ದು ನಮ್ಮ ಕರ್ತವ್ಯ, ನಾವು ತಂದಿರಲಿಲ್ಲ. ಆ ಗ್ರಂಥಾಲಯದ ದಾಖಲೆಗಳು ಹಳೆಯ ಫಾಂಟಿನ ಕಾಲದವು. ಅವುಗಳನ್ನು ಪರಿವರ್ತಿಸಿದ ಉಪಕರಣವು ಅಕ್ಷರದ ತುಂಡುಗಳನ್ನು ಬಿಡಿಬಿಡಿಯಾಗಿಯೇ ಉಳಿಸಿತ್ತು. ತರುಣನು ಕೋಲಾರವನ್ನು ಹೊಸದಾಗಿ ಟೈಪು ಮಾಡಿದಾಗ ನಮ್ಮ ಕೀಲಿಮಣೆಯು ಒಂದೇ ಸಂಕೇತವನ್ನು ಬರೆಯಿತು; ದೋಷವನ್ನು ಹುಡುಕಹೊರಟವನು ಮೊದಲ ಹೆಜ್ಜೆಯಲ್ಲೇ ಅದನ್ನು ಅಳಿಸಿಹಾಕಿದ್ದನು.

"ನನ್ನ ಮೆಷೀನಿನಲ್ಲಿ ಸರಿಯಾಗಿಯೇ ಇದೆ" ಎನ್ನುವವರೊಡನೆ ನನಗಿರುವ ಜಗಳವು ಇಂದಿನದಲ್ಲ. ಅವರಿಗೆ ನಾನು ಹೇಳುವ ಕಥೆಯೊಂದುಂಟು. 1986ರ ಮಾರ್ಚಿನಲ್ಲಿ, ಅಮೆರಿಕದ ಟೆಕ್ಸಾಸ್ ಪ್ರಾಂತದ ಟೈಲರ್ ನಗರದ ಕ್ಯಾನ್ಸರ್ ಚಿಕಿತ್ಸಾಲಯದಲ್ಲಿ, ಥೆರಾಕ್-25 ಎಂಬ ವಿಕಿರಣ ಯಂತ್ರವು ರೋಗಿಯೊಬ್ಬನಿಗೆ ಮಿತಿಮೀರಿದ ವಿಕಿರಣವನ್ನು ಸುರಿಯಿತು. ಪರದೆಯ ಮೇಲೆ ಕಂಡದ್ದು 'ಮಾಲ್‌ಫಂಕ್ಷನ್ 54' ಎಂಬ ಎರಡು ಶಬ್ದ. ತಯಾರಕರ ಎಂಜಿನಿಯರುಗಳು ಬಂದು ಪರೀಕ್ಷಿಸಿ, ದೋಷವನ್ನು ಮರಳಿ ಬರಿಸಲಾರದೆ, ಅಂಥ ಅತಿಪ್ರಮಾಣ ಸಾಧ್ಯವೇ ಇಲ್ಲವೆಂದರು. ಯಂತ್ರವನ್ನು ಮತ್ತೆ ಬಳಕೆಗೆ ತಂದರು. ಏಪ್ರಿಲ್ 11ರಂದು ಎರಡನೆಯ ರೋಗಿಗೂ ಅದೇ ಗತಿಯಾಯಿತು. ಆಗ ಅಲ್ಲಿನ ಭೌತವಿಜ್ಞಾನಿಯು ಯಂತ್ರ ನಡೆಸುತ್ತಿದ್ದಾಕೆಯನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಮತ್ತೆ ಪ್ರಯತ್ನಿಸಿ ಗುಟ್ಟನ್ನು ಕಂಡನು: ಎಕ್ಸ್-ರೇ ಎಂದು ತಪ್ಪಾಗಿ ಒತ್ತಿದ್ದನ್ನು ಎಲೆಕ್ಟ್ರಾನ್ ಎಂದು ಎಂಟು ಸೆಕೆಂಡುಗಳೊಳಗೆ ತಿದ್ದಿ ಮುಗಿಸಿದರೆ, ಆ ತಿದ್ದುಪಡಿಯು ಯಂತ್ರಕ್ಕೆ ತಿಳಿಯುತ್ತಲೇ ಇರಲಿಲ್ಲ. ಅಭ್ಯಾಸಬಲದಿಂದ ಆಕೆಯ ಬೆರಳುಗಳಿಗೆ ಬಂದಿದ್ದ ವೇಗವು ಎಂಜಿನಿಯರುಗಳಿಗಿರಲಿಲ್ಲ. ಈ ವಿವರವನ್ನು ತಿಳಿಸಿದ ಮೇಲೂ ತಯಾರಕರ ಕಡೆಯವನೊಬ್ಬ, ತನಗೆ ದೋಷ ಬರುತ್ತಿಲ್ಲವೆಂದು ಫೋನು ಮಾಡಿದನು. ಬೇಗ ಬೇಗ ಒತ್ತಬೇಕೆಂದು ಹೇಳಿದ ನಂತರವೇ ಬಂದದ್ದು. ಆ ಇಬ್ಬರು ರೋಗಿಗಳೂ ಬದುಕಲಿಲ್ಲ.

ಇಷ್ಟನ್ನು ಕೇಳಿಯೂ "ಅದು ಎಡ್ಜ್ ಕೇಸ್, ಆಮೇಲೆ ನೋಡೋಣ" ಎನ್ನುವ ಸಹೋದ್ಯೋಗಿಗಳನ್ನು ಕಂಡರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಅಂಚಿನಲ್ಲಿ ನಿಂತಿರುವವರು ಯಾರು? ಹಳೆಯ ಕಡತಗಳನ್ನು ಜೋಪಾನ ಮಾಡಿದವರು, ವೇಗವಾಗಿ ಕೆಲಸ ಮಾಡಬಲ್ಲವರು, ನಮ್ಮ ಸಾಮಾನನ್ನು ನಮಗಿಂತ ಹೆಚ್ಚು ದಿನ ಹೆಚ್ಚು ಗಂಟೆ ಬಳಸಿದವರು. ಶೇಕಡಾ 99.9ರಷ್ಟು ಕಾಲ ಸೇವೆ ನಡೆದಿರಬೇಕೆಂದು ನಾವು ಗುರಿಯಿಟ್ಟುಕೊಂಡಿದ್ದೇವೆ. ಅಂದರೆ ತಿಂಗಳಿಗೆ 43 ನಿಮಿಷ ನಿಂತರೂ ಚಿಂತೆಯಿಲ್ಲ. ಆ ಮೂರು ವಾರಗಳಲ್ಲಿ ನಮ್ಮ ಸರ್ವರ್ ಒಂದು ನಿಮಿಷವೂ ನಿಂತಿರಲಿಲ್ಲ, ಫಲಕವೆಲ್ಲ ಹಸಿರಾಗಿತ್ತು. ಆಕೆಯ ಕೋಲಾರ ಮಾತ್ರ ಒಂದು ದಿನವೂ ಸಿಗಲಿಲ್ಲ. ಇರುವ ಪುಸ್ತಕ ಸಿಗುತ್ತಿದೆಯೇ ಎಂಬ ಪ್ರಶ್ನೆಗೆ ಉತ್ತರಿಸದ ಅಳತೆಯನ್ನು ವಿಶ್ವಾಸಾರ್ಹತೆಯೆಂದು ಕರೆಯಲು ನನ್ನ ನಾಲಗೆ ಒಪ್ಪದು.

ಡೊನಾಲ್ಡ್ ಕ್ನೂತ್ ಮಹಾಶಯರನ್ನು ನೆನೆದಾಗ ಮನಸ್ಸು ತಿಳಿಯಾಗುತ್ತದೆ. ತಮ್ಮ ಮುದ್ರಣ ತಂತ್ರಾಂಶವಾದ ಟೆಕ್‌ನಲ್ಲಿ ಕಂಡ ತಪ್ಪುಗಳ ದಿನಚರಿಯನ್ನಿಟ್ಟು, ಎಂಟುನೂರಕ್ಕೂ ಹೆಚ್ಚು ದೋಷಗಳನ್ನು ವರ್ಗೀಕರಿಸಿ 1989ರಲ್ಲಿ ಲೋಕದ ಮುಂದಿರಿಸಿದವರು ಅವರು. ತಪ್ಪು ತೋರಿಸಿದವರಿಗೆ ಚೆಕ್ ಬರೆದುಕೊಟ್ಟರು. ಟೆಕ್‌ನ ಬಹುಮಾನವು ವರ್ಷವರ್ಷಕ್ಕೂ ಇಮ್ಮಡಿಸುತ್ತ 327.68 ಡಾಲರಿಗೆ ಬಂದು ನಿಂತಿತು. ಪಡೆದವರಲ್ಲಿ ಅನೇಕರು ಚೆಕ್ಕನ್ನು ಬ್ಯಾಂಕಿಗೆ ಒಯ್ಯದೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗಿದರು. ಹೊಸ ಸೌಲಭ್ಯಗಳನ್ನು ನಿಲ್ಲಿಸಿ ತಿದ್ದುಪಡಿಗಳನ್ನಷ್ಟೇ ಉಳಿಸಿಕೊಂಡ ಟೆಕ್‌ನ ಆವೃತ್ತಿಸಂಖ್ಯೆ ಪೈ ಎಂಬ ಸಂಖ್ಯೆಯತ್ತ ಒಂದೊಂದೇ ಅಂಕಿಯಾಗಿ ಸಾಗುತ್ತದೆ. 2021ರಲ್ಲಿ ಅದು 3.141592653.

ನಿನ್ನೆ ರಾತ್ರಿಯೇ ತಿದ್ದುಪಡಿಯನ್ನು ಕಳುಹಿಸಿದೆ. ಇಂದು ಬೆಳಗ್ಗೆ ಗ್ರಂಥಪಾಲಕಿಯವರ ಉತ್ತರ ಬಂದಿದೆ. "ಪುಸ್ತಕ ಸಿಕ್ಕಿತು, ಉಪಕಾರವಾಯಿತು. ಆದರೆ ಅಕಾರಾದಿ ಪಟ್ಟಿಯಲ್ಲಿ ಕೋಲಾರವು ಕೆಳದಿಗೂ ಕೈವಾರಕ್ಕೂ ನಡುವೆ ಕುಳಿತಿದೆ. ಕಡತವನ್ನು ಇದ್ದಂತೆಯೇ ಲಗತ್ತಿಸಿದ್ದೇನೆ." ಆಕೆಯ ಮಾತು ನಿಜ: ಹುಡುಕುವಲ್ಲಿ ಮಾತ್ರ ಎರಡು ರೂಪಗಳನ್ನು ಒಂದಾಗಿಸಿ, ದಾಖಲೆಯಲ್ಲಿ ಹಾಗೆಯೇ ಬಿಟ್ಟಿದ್ದೆ; ಎತ್ವದಿಂದ ಆರಂಭವಾಗುವ ಆ ತುಂಡುಗಳು ಕೆಕಾರದವರ ಸಾಲಿನಲ್ಲೇ ನಿಲ್ಲಬೇಕಷ್ಟೆ. ಹನ್ನೊಂದು ಗಂಟೆಗೆ ಹೊಸ ಮುಖಪುಟದ ಬಗ್ಗೆ ಸಭೆಯಿತ್ತು. ಅದನ್ನು ನಾಳೆಗೆ ಮುಂದೂಡುವಂತೆ ಹೇಳಿಕಳುಹಿಸಿ, ಆ ತರುಣನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಆಕೆಯ ಕಡತವನ್ನು ತೆರೆದೆ.