ಬೂದು ಬಣ್ಣದ ಪರದೆ

ನನ್ನ ಪರದೆಯನ್ನು ಮೊದಲ ಸಲ ನೋಡಿದವರು ‘ಇನ್ನೂ ಬಣ್ಣ ತುಂಬಿಲ್ಲೇನು?’ ಅಂತಲೇ ಕೇಳುತ್ತಾರೆ. ತುಂಬಿದ್ದೇನೆ, ಅದು ಬೂದು. ಹನುಮಸಾಗರದ ನಮ್ಮ ಮನೆಯಲ್ಲಿ ರಾಸ್ಪ್‌ಬೆರಿ ಪೈ ಎಂಬ ಅಂಗೈಯಷ್ಟೂ ಇಲ್ಲದ ಕಂಪ್ಯೂಟರ್ ಒಂದಿದೆ. ಹೊಲದ ಬೋರಿನ ಮೋಟರು, ಅದಕ್ಕೆ ಬರುವ ಮೂರೂ ಫೇಸಿನ ವೋಲ್ಟೇಜು, ಮಾಳಿಗೆ ಮೇಲಿನ ಟಾಕಿಯ ನೀರಿನ ಮಟ್ಟ, ಎಲ್ಲದರ ಸುದ್ದಿಯೂ ಅದಕ್ಕೆ ಬಂದು ಮುಟ್ಟುತ್ತದೆ, ನನ್ನ ಪರದೆಯ ಮೇಲೆ ಕಾಣುತ್ತದೆ. ಇಷ್ಟಕ್ಕೆ ಮೊಬೈಲಿನಲ್ಲಿ ಚಾಲೂ ಮಾಡುವ ಸ್ಟಾರ್ಟರ್ ಸಾಕಿತ್ತು, ಪೇಟೆಯಲ್ಲೇ ಸಿಗುತ್ತದೆ. ಆದರೆ ನನಗೆ ಬೇಕಾಗಿದ್ದದ್ದು ನೀರಲ್ಲ, ಪರದೆ.

ಅದಕ್ಕೆಂದು ಹಿಡಿದದ್ದು ಎಪಿಕ್ಸ್. 1980ರ ದಶಕದ ಕೊನೆಗೆ ಅಮೆರಿಕದ ಲಾಸ್ ಅಲಮೋಸ್ ಮತ್ತು ಆರ್ಗಾನ್ ಪ್ರಯೋಗಾಲಯದವರು ಕೂಡಿ ಕಟ್ಟತೊಡಗಿದ, ಈಗ ಪುಕ್ಕಟೆ ಸಿಗುವ ನಿಯಂತ್ರಣ ತಂತ್ರಾಂಶ. ಕಣಗಳನ್ನು ಓಡಿಸುವ ಹಲವು ವೇಗವರ್ಧಕಗಳು, ಹವಾಯಿಯ ಕೆಕ್ ದೂರದರ್ಶಕ, ಭಾರತವೂ ಪಾಲುದಾರನಾಗಿರುವ ಫ್ರಾನ್ಸಿನ ಇಟರ್ ಪರಮಾಣು ಸಮ್ಮಿಳನ ಯೋಜನೆ ಎಲ್ಲಕ್ಕೂ ಇದೇ ಬುನಾದಿ. ಬೋರಿನ ಮೋಟರಿಗೆ ಇದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ, ಒಪ್ಪುತ್ತೇನೆ. ಚಟಕ್ಕೆ ಲೆಕ್ಕ ಕೇಳಬಾರದು.

ಎಪಿಕ್ಸಿಗೆ ಪರದೆ ಬರೆಯುವ ತಂತ್ರಾಂಶಗಳು ಬೇಕಾದಷ್ಟಿವೆ. ಎಂಇಡಿಎಂ ಹಳೆಯದು, ನೋಡಲು ತೊಂಬತ್ತರ ದಶಕದ ಬ್ಯಾಂಕಿನ ಕಂಪ್ಯೂಟರು. ಆದರೆ ಒತ್ತಿದ ಕೂಡಲೇ ತೆರೆಯುತ್ತದೆ. ಫೀಬಸ್ ಹೊಸದು, ಜಾವಾ ಬೇಡುತ್ತದೆ, ಸಣ್ಣ ಯಂತ್ರದ ಮೇಲೆ ತೇಕುತ್ತದೆ. ಕೊನೆಗೆ ನಾನು ಫೀಬಸ್ಸನ್ನೇ ಆರಿಸಿದೆ. ಅದರ ಫೈಲು ಬರೀ ಅಕ್ಷರ. ನಾಳೆ ತಂತ್ರಾಂಶವೇ ನಿಂತುಹೋದರೂ ಕಣ್ಣಿಂದ ಓದಬಹುದು. ಮೇಲಾಗಿ ಅದರ ಮ್ಯಾಕ್ರೋ! ಒಂದು ಫೇಸಿನ ಚಿತ್ರ ಬರೆದು, ಹೆಸರಿನ ಜಾಗವನ್ನು ಖಾಲಿ ಬಿಟ್ಟರೆ, ಅದೇ ಚಿತ್ರ ಮೂರೂ ಫೇಸಿಗೆ ಒದಗುತ್ತದೆ. ಒಂದರಲ್ಲಿ ಗೆರೆ ತಿದ್ದಿದರೆ ಮೂರರಲ್ಲೂ ತಿದ್ದಿಬರುವ ಆ ಗಳಿಗೆಯ ಸುಖವನ್ನು ಮನೆಯಲ್ಲಿ ಯಾರಿಗೂ ತಿಳಿಸಿ ಹೇಳಲಾಗಿಲ್ಲ.

ಇನ್ನು ಬಣ್ಣ. ಕಲಿಯುವಾಗ ಎಲ್ಲರಿಗೂ ಹಸಿರು ಪೈಪು, ನೀಲಿ ನೀರು, ತಿರುಗುವ ಫ್ಯಾನು ಬೇಕೆನಿಸುತ್ತದೆ. ಮಾರುವವರ ನಮೂನೆ ಚಿತ್ರಗಳೂ ಹಾಗೇ ಇರುತ್ತವೆ, ಜಾತ್ರೆಯ ತೇರಿನಷ್ಟು ಝಗಮಗ ಇಲ್ಲದಿದ್ದರೆ ಗಿರಾಕಿ ಒಪ್ಪುವುದಿಲ್ಲವೋ ಏನೋ. ಆದರೆ ದಿನವಿಡೀ ಅದನ್ನೇ ನೋಡುತ್ತ ಕೂರುವವನಿಗೆ, ಎಲ್ಲ ಸರಿಯಿದ್ದಾಗ ನೋಡಲು ಏನೂ ಇರಬಾರದು. ಬೂದಿಯ ನಡುವೆ ಕೆಂಪು ಬಂದರೆ ಅದು ಕೂಗಿದಂತೆ ಕೇಳಬೇಕು.

ಎಪಿಕ್ಸಿನಲ್ಲಿ ಪ್ರತಿ ಅಂಕಿಯ ಬೆನ್ನಿಗೆ ಅದರ ಯೋಗಕ್ಷೇಮವೂ ಬರುತ್ತದೆ: ಸರಿಯಿದೆ, ಸ್ವಲ್ಪ ತಪ್ಪಿದೆ, ಬಹಳ ತಪ್ಪಿದೆ, ನಂಬಬೇಡ. ಈ ನಾಲ್ಕನೆಯದರ ಮೇಲೆ ನನಗೆ ವಿಶೇಷ ಪ್ರೀತಿ. ಮೊನ್ನೆ ಅಳಿಲು ಟಾಕಿಯ ವಾಯರ್ ಕಡಿದಾಗ ಅಂಕಿ ಮಾಯವಾಗಿ ಸುತ್ತ ನೇರಳೆ ಗೆರೆ ಮೂಡಿತು. ಕಾಕಾ ಬಂದು ನೋಡಿದರು.

‘ಟಾಕಿ ಖಾಲಿ ಆಗೇತೇನೋ ತಮ್ಮಾ?’

‘ಖಾಲಿ ಐತೋ ತುಂಬೇತೋ ಅದಕ್ಕ ಗೊತ್ತಿಲ್ಲ ಕಾಕಾ.’

‘ಹಂಗಂತ ಅದ ಹೇಳಾಕತ್ತೇತಿ?’

‘ಹೂಂ.’

‘ಹಂಗಾರ ನಾನ ಹತ್ತಿ ನೋಡ್ತೀನಿ ತಡಿ’ ಎಂದು ನಿಚ್ಚಣಿಕೆ ತರಲು ಹೋದರು. ಅಲ್ಲಿ ಸೊನ್ನೆ ತೋರಿಸಿದ್ದರೆ ಅವರು ಮೋಟರು ಚಾಲೂ ಮಾಡುತ್ತಿದ್ದರು, ತುಂಬಿದ ಟಾಕಿ ಅಂಗಳಕ್ಕೆ ಹರಿಯುತ್ತಿತ್ತು.

ಅಂಗಳ ತೊಯ್ದರೆ ಒಣಗುತ್ತದೆ. ಆದರೆ ಸುಳ್ಳು ಗುರುತಿನ ಬೆಲೆ ಎಲ್ಲ ಕಡೆಯೂ ಇಷ್ಟು ಅಗ್ಗವಲ್ಲ. 1979ರ ಮಾರ್ಚ್ 28ರ ನಸುಕಿನಲ್ಲಿ ಅಮೆರಿಕದ ಥ್ರೀ ಮೈಲ್ ಐಲೆಂಡ್ ಪರಮಾಣು ಸ್ಥಾವರದಲ್ಲಿ ಒತ್ತಡ ಇಳಿಸುವ ಕವಾಟವೊಂದು ತೆರೆದದ್ದು ಮುಚ್ಚಲಿಲ್ಲ. ಫಲಕದ ದೀಪ ಮಾತ್ರ ಆರಿತು. ಮುಚ್ಚಿತೆಂದೇ ಸಿಬ್ಬಂದಿ ತಿಳಿದರು. ದೀಪಕ್ಕೆ ಗೊತ್ತಿದ್ದದ್ದು ಕವಾಟವನ್ನು ತೆರೆದಿಡುವ ವಿದ್ಯುತ್ತು ನಿಂತಿತೆಂಬುದಷ್ಟೇ. ಕವಾಟ ಎಲ್ಲಿದೆ ಎಂಬುದಲ್ಲ. ಎರಡು ತಾಸಿಗೂ ಮೀರಿ ತಣಿಸುವ ನೀರು ಹೊರಗೆ ಹರಿಯಿತು, ತಿರುಳಿನ ಒಂದು ಪಾಲು ಕರಗಿಹೋಯಿತು.

ಹೀಗಾಗಿ ನನ್ನ ಚಾಲೂ ಗುಂಡಿ ಒತ್ತಿದ ಕೂಡಲೇ ಏನೂ ಹೇಳುವುದಿಲ್ಲ. ಮೋಟರು ಆಂಪಿಯರ್ ಎಳೆಯತೊಡಗಿದ ಮೇಲೆಯೇ ಪಕ್ಕದ ಗುರುತು ಬದಲಾಗುತ್ತದೆ. ಎಳೆತ ದಿನಕ್ಕಿಂತ ಕಡಿಮೆಯಾದರೆ ಹಳದಿ: ಮೋಟರು ತಿರುಗುತ್ತಿದೆ, ಬೋರಿನಲ್ಲಿ ನೀರು ಇಳಿದಿರಬಹುದು. ಅಪ್ಪಣೆಗೊಂದು ಜಾಗ, ಆದದ್ದಕ್ಕೊಂದು ಜಾಗ. ಎರಡನ್ನೂ ಒಂದೇ ಚೌಕದಲ್ಲಿ ತುರುಕುವವರ ಪರದೆ ಎಷ್ಟೇ ಚೆಂದವಿದ್ದರೂ ನನಗೆ ಸೇರದು.

ಪರದೆಯ ಮುಂದೆ ಕೂತು ದೂರದ ಯಂತ್ರ ನಡೆಸುವ ಈ ಕಸುಬು ನಮ್ಮ ರಾಜ್ಯದಲ್ಲಿ ಬಲು ಸೊಗಸಾಗಿ ಕಾಣುವುದು ಹೊಸಕೋಟೆಯಲ್ಲಿ. ಭಾರತೀಯ ಖಭೌತ ಸಂಸ್ಥೆಯ ಕ್ರೆಸ್ಟ್ ಕೇಂದ್ರದಲ್ಲಿ ಕುಳಿತವರು ಲಡಾಖಿನ ಹಾನ್ಲೆಯಲ್ಲಿ, ಸುಮಾರು 4500 ಮೀಟರ್ ಎತ್ತರದಲ್ಲಿರುವ ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹದ ಮೂಲಕ ನಡೆಸುತ್ತಾರೆ. ಹೊಸಕೋಟೆಯಲ್ಲಿ ಮಳೆ ಹೊಯ್ಯುತ್ತಿದ್ದರೂ ಹಾನ್ಲೆಯಲ್ಲಿ ನಕ್ಷತ್ರ ಹೊಳೆಯುತ್ತಿರಬಹುದು. ಕಿಟಕಿಯಾಚೆ ನೋಡಿ ಪ್ರಯೋಜನವಿಲ್ಲ, ಪರದೆಯೇ ಆಕಾಶ. ಭೂಸ್ಥಿರ ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಮೇಲೆ. ಅಪ್ಪಣೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡಿನ ಹತ್ತಿರ ಹಿಡಿಯುತ್ತದೆ. ಅಂಥ ಕಡೆ ಅಂಕಿ ಎಷ್ಟು ಎಂಬುದರ ಜತೆಗೆ ಯಾವಾಗಿನದು ಎಂಬುದೂ ಬೇಕು.

ನಾನೂ ಪ್ರತಿ ಅಂಕಿಯ ಕೆಳಗೆ ಸಣ್ಣಕ್ಷರದಲ್ಲಿ ವೇಳೆ ಹಾಕಿದ್ದೇನೆ. ಕಾಕಾಗೆ ಅದು ಕಾಣುವುದಿಲ್ಲವಂತೆ. ದೊಡ್ಡದು ಮಾಡಿದರೆ ಅಂಕಿ ಯಾವುದು, ಗಡಿಯಾರ ಯಾವುದು ತಿಳಿಯದು. ಸದ್ಯ ನಮ್ಮಿಬ್ಬರ ನಡುವೆ ಹದಿನಾಲ್ಕರ ಅಳತೆಯ ಅಕ್ಷರಕ್ಕೆ ರಾಜಿ ನಡೆದಿದೆ.