ಕಪ್ಪತಗಿರಿಯ ಮಡಿಲಲ್ಲಿ: ಅಂಗಳದ ಮೂಲಿಕೆ, ಮನೆಯ ಕಷಾಯ

ಗದಗದಿಂದ ಮುಂಡರಗಿಯ ಮಾರ್ಗವಾಗಿ ಹೊರಟ ಯಾತ್ರಿಕನಿಗೆ ಡಂಬಳ ಸಮೀಪಿಸುತ್ತಿದ್ದಂತೆ ಬಲಬದಿಯಲ್ಲಿ ಕಪ್ಪತಗುಡ್ಡದ ಸಾಲು ಗೋಚರಿಸತೊಡಗುತ್ತದೆ. ಗದಗ ತಾಲೂಕಿನ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯಲ್ಲಿರುವ ಸಿಂಗಟಾಲೂರಿನವರೆಗೆ ಈ ಗಿರಿಶ್ರೇಣಿ ಹಬ್ಬಿದೆ. ಡಂಬಳದಲ್ಲಿ ನಕ್ಷತ್ರಾಕಾರದ ದೊಡ್ಡಬಸಪ್ಪನ ಗುಡಿಯನ್ನು ದರ್ಶಿಸಿ, ಡೋಣಿ ಗ್ರಾಮವನ್ನು ದಾಟಿ ಮೇಲೇರಿದರೆ ನಂದಿವೇರಿ ಮಠ ಮತ್ತು ಕಪ್ಪತಮಲ್ಲಯ್ಯನ ಸನ್ನಿಧಿ ದೊರೆಯುತ್ತವೆ. ಗಾಳಿಯಂತ್ರಗಳು ತಿರುಗುವ ಈ ಕುರುಚಲು ಕಾಡು ಔಷಧೀಯ ಸಸ್ಯಗಳ ಭಂಡಾರವೆಂದು ನಾಡಿನಲ್ಲೆಲ್ಲ ಹೆಸರಾಗಿದೆ.

ಈ ಭಂಡಾರ ಸುಲಭವಾಗಿ ಉಳಿದುಬಂದುದಲ್ಲ. ಗಣಿಗಾರಿಕೆಯ ಭೀತಿ ಆವರಿಸಿದಾಗ 2017ರ ಫೆಬ್ರವರಿಯಲ್ಲಿ ಗದಗದಲ್ಲಿ ಅಹೋರಾತ್ರಿ ಧರಣಿ ನಡೆಯಿತು. ತೋಂಟದಾರ್ಯ ಮಠದ ಲಿಂಗೈಕ್ಯ ಡಾ. ಸಿದ್ಧಲಿಂಗ ಮಹಾಸ್ವಾಮಿಗಳು ಅದರ ಮುಂಚೂಣಿಯಲ್ಲಿದ್ದರು. 2019ರಲ್ಲಿ ಸರಕಾರವು ಗುಡ್ಡವನ್ನು ವನ್ಯಜೀವಿಧಾಮವೆಂದು ಘೋಷಿಸಿತು. ಆದುದರಿಂದ ದರ್ಶನಕ್ಕೆ ಹೋದವರು ಬಳ್ಳಿಯನ್ನೋ ಬೇರನ್ನೋ ಕಿತ್ತು ತರುವ ಹಳೆಯ ರೂಢಿಯನ್ನು ಇನ್ನು ಬಿಡಲೇಬೇಕು. ಅದು ಕಾನೂನಿಗೆ ವಿರುದ್ಧ ಮಾತ್ರವಲ್ಲ; ಬೇರು ಕಿತ್ತ ಗಿಡ ಮರಳಿ ಚಿಗುರುವುದಿಲ್ಲ. ನಮಗೆ ಬೇಕಾದ ತುಳಸಿ, ಆಡುಸೋಗೆ, ಒಂದೆಲಗ, ಅಮೃತಬಳ್ಳಿಗಳಿಗೆ ಅಂಗಳದ ಒಂದು ಮೂಲೆ ಸಾಕು.

ಬೆಳೆಸಿದ ಮೂಲಿಕೆಯಿಂದ ಸಾರ ತೆಗೆಯುವ ಕ್ರಮವನ್ನು ಶಾರ್ಙ್ಗಧರ ಸಂಹಿತೆ ಸ್ಪಷ್ಟವಾಗಿ ತಿಳಿಸುತ್ತದೆ. ಹಸಿಯ ಎಲೆಯನ್ನು ಜಜ್ಜಿ ಹಿಂಡಿದರೆ ಸ್ವರಸ. ಆಡುಸೋಗೆಯ ಎಲೆ ಹಾಗೆಯೇ ಹಿಂಡಿದರೆ ರಸ ಬಿಡದು. ಅದನ್ನು ಹಬೆಯಲ್ಲಿ ಬಾಡಿಸಿ ಹಿಂಡಬೇಕು. ತರಿಯಾಗಿ ಕುಟ್ಟಿದ ಒಣ ಮೂಲಿಕೆ 1 ಭಾಗಕ್ಕೆ 16 ಭಾಗ ನೀರು ಸೇರಿಸಿ, ಪಾತ್ರೆಯ ಬಾಯಿ ಮುಚ್ಚದೆ, ಮಂದಾಗ್ನಿಯಲ್ಲಿ ನೀರು ಎಂಟನೆಯ ಒಂದು ಭಾಗಕ್ಕೆ ಇಳಿಯುವವರೆಗೆ ಕುದಿಸಿ ಸೋಸಿದರೆ ಕಷಾಯ. 1 ಭಾಗಕ್ಕೆ 4 ಭಾಗ ಬಿಸಿನೀರು ಸುರಿದು ಸೋಸಿದ್ದು ಫಾಂಟ. 6 ಭಾಗ ತಣ್ಣೀರಿನಲ್ಲಿ ಇರುಳೆಲ್ಲ ನೆನೆಸಿ ಸೋಸಿದ್ದು ಹಿಮ. ಸುವಾಸನೆಯ ಎಲೆಗಳಿಗೆ ಫಾಂಟವೇ ಯೋಗ್ಯ. ಬಹಳ ಕುದಿಸಿದರೆ ಅವುಗಳ ಪರಿಮಳತೈಲ ಹಬೆಯೊಡನೆ ಹಾರಿಹೋಗುತ್ತದೆ. ಪಾತ್ರೆ ಮಣ್ಣಿನದೋ ಸ್ಟೀಲಿನದೋ ಇರಲಿ, ಅಲ್ಯೂಮಿನಿಯಂ ಬೇಡ.

ಸಂಗ್ರಹದ ವಿಚಾರದಲ್ಲಿಯೇ ಅನೇಕ ಗೃಹಿಣಿಯರು ಎಡವುವುದುಂಟು. ಸ್ವರಸ, ಕಷಾಯ, ಫಾಂಟ, ಹಿಮಗಳು ಅಂದಂದೇ ಮುಗಿಯಬೇಕಾದವು. ಬೆಲ್ಲವನ್ನೋ ಜೇನನ್ನೋ ತುಸು ಬೆರೆಸಿದ ಮಾತ್ರಕ್ಕೆ ಅವು ಉಳಿಯವು, ಹುಳಿಯುತ್ತವೆ. ಕೂಡಿಡಬೇಕಾದುದು ಸಾರವನ್ನಲ್ಲ, ನೆರಳಿನಲ್ಲಿ ಒಣಗಿಸಿದ ಮೂಲಿಕೆಯನ್ನು. ಅದು ಒಂದು ವರ್ಷ, ಪುಡಿಯಾದರೆ ಎರಡು ತಿಂಗಳು, ಲೇಹ್ಯವಾದರೆ ಒಂದು ವರ್ಷ ವೀರ್ಯವುಳಿಸಿಕೊಳ್ಳುವುದೆಂದು ಅದೇ ಸಂಹಿತೆ ಹೇಳುತ್ತದೆ. ತೇವವಿಲ್ಲದ ಗಾಜಿನ ಭರಣಿಯಲ್ಲಿ ತುಂಬಿ, ಹೆಸರು ಮತ್ತು ತಿಂಗಳನ್ನು ಬರೆದು ಅಂಟಿಸಿ, ಬೆಳಕು ಬೀಳದೆಡೆ ಇಡಬೇಕು. ಬೂಸು ಕಂಡರೆ ಮರುಮಾತಿಲ್ಲದೆ ಚೆಲ್ಲಬೇಕು. ಆಸವ, ಅರಿಷ್ಟಗಳು ಬಹುಕಾಲ ಬಾಳುವುದು ಹುದುಗಿನಿಂದ ತಾನಾಗಿ ಹುಟ್ಟುವ ಮದ್ಯಾಂಶದ ಬಲದಿಂದ. ಮದ್ಯವರ್ಜಿತ ಮನೆತನದವರು ಇದನ್ನು ಅರಿತಿರುವುದು ಒಳಿತು. ಅವುಗಳನ್ನು ಮನೆಯಲ್ಲಿ ತಯಾರಿಸುವ ಸಾಹಸವೂ ಬೇಡ.

ಎಚ್ಚರದ ಮಾತೊಂದುಂಟು. 2021ರಲ್ಲಿ ಅಮೃತಬಳ್ಳಿಯನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿನ ತೊಂದರೆ ಕಂಡುದನ್ನು ಮುಂಬಯಿಯ ವೈದ್ಯರು ವರದಿ ಮಾಡಿದರು. ಅದನ್ನು ಹೋಲುವ ಬೇರೆ ಬಳ್ಳಿಗಳೂ ಇವೆ. ಗುರುತು ಬಲ್ಲವರಿಂದಲೇ ಸಸಿ ಪಡೆಯಿರಿ, ತಿಂಗಳುಗಟ್ಟಲೆ ಸೇವಿಸಬೇಡಿ. ಗರ್ಭಿಣಿಯರಿಗೆ ಆಡುಸೋಗೆ ಸಲ್ಲದು. ವರ್ಷ ತುಂಬದ ಶಿಶುವಿಗೆ ಜೇನು ಸಲ್ಲದು. ಸಕ್ಕರೆ ರೋಗಕ್ಕೋ ರಕ್ತದೊತ್ತಡಕ್ಕೋ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಏನನ್ನೂ ಕುಡಿಯಬಾರದು.

ಹನ್ನೆರಡನೆಯ ಶತಮಾನದ ಶರಣರ ಸಮೂಹದಲ್ಲಿ ವೈದ್ಯ ಸಂಗಣ್ಣನೂ ಒಬ್ಬನಾಗಿದ್ದನು. ರೋಗಿಯ ಶುಶ್ರೂಷೆ ಆತನಿಗೆ ಕಾಯಕವಾಗಿತ್ತು. ಸಸಿ ನೆಟ್ಟು, ನೀರೆರೆದು, ಕೆಮ್ಮುವ ನೆರೆಮನೆಯ ಮುದುಕರಿಗೆ ಒಂದು ಬಟ್ಟಲು ಬಿಸಿ ಕಷಾಯ ಕೊಡುವುದು ಇಂದಿನ ಗೃಹಸ್ಥರಿಗೆ ಸಾಧ್ಯವಾದ ಕಾಯಕ, ಸಾಧ್ಯವಾದ ದಾಸೋಹ. ಕಪ್ಪತಗಿರಿಗೆ ಸದ್ಭಕ್ತರು ಅವಶ್ಯವಾಗಿ ಹೋಗಿಬರಲಿ, ಕಣ್ತುಂಬ ನೋಡಲಿ, ಬರಿಗೈಯಲ್ಲಿಯೇ ಮರಳಲಿ.