ಬದುವಿನ ಹೊಂಗೆ, ಲೀಟರಿನ ಲೆಕ್ಕ

ನಮ್ಮ ಕಡೆ ಹೊಂಗೆ ಮರಕ್ಕೆ ಬೇಲಿ ಕಟ್ಟಿದವರನ್ನು ನಾನು ನೋಡಿಲ್ಲ. ಬೇಲಿ ಬೇಕಾಗೋದೇ ಇಲ್ಲ. ದನ, ಮೇಕೆ ಅದರ ಸೊಪ್ಪಿಗೆ ಬಾಯಿ ಹಾಕೋದು ಕಡಿಮೆ. ಬಿಂದಿಗೆ ಹೊತ್ತು ನೀರು ಹಾಕಿದವರೂ ಇಲ್ಲ. ಹಾಸನದಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಯಾವ ದಿಕ್ಕಿಗೆ ಹೊರಟರೂ ಹೊಲದ ಬದುವಿನಲ್ಲಿ, ಕೆರೆ ಏರಿಯ ಕೆಳಗೆ, ಹಿತ್ತಿಲ ಮೂಲೆಯಲ್ಲಿ ಅದು ತನ್ನ ಪಾಡಿಗೆ ನಿಂತಿರುತ್ತೆ. ಸುತ್ತಲೂ ಎಲ್ಲ ಒಣಗಿ ನಿಂತ ಬೇಸಿಗೆಯಲ್ಲಿ, ಯುಗಾದಿ ಆಸುಪಾಸಿಗೆ ಚಿಗುರಿ, ಹೂ ಬಿಟ್ಟು, ಕೆಳಗೆ ಹೂವಿನ ಹಾಸಿಗೆ ಹಾಸುತ್ತೆ.

ನಮ್ಮಜ್ಜಿ ಕಾಲದವರಿಗೆ ಇದರ ಉಪಯೋಗ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸೊಪ್ಪು ಗದ್ದೆಗೆ ತುಳಿಯೋಕೆ. ಎಣ್ಣೆ ದೀಪಕ್ಕೆ, ದನದ ಗಾಯಕ್ಕೆ. ಹಿಂಡಿ ಗೊಬ್ಬರಕ್ಕೆ. ಕಡ್ಡಿ ಹಲ್ಲುಜ್ಜೋಕೆ. ನೆರಳು ಬುತ್ತಿ ಬಿಚ್ಚೋಕೆ. ಇದು ಬೇಳೆಕಾಳಿನ ಕುಟುಂಬದ ಮರವಾದ್ದರಿಂದ ಗಾಳಿಯ ಸಾರಜನಕವನ್ನು ಬೇರಿನಲ್ಲಿ ಹಿಡಿದು ಮಣ್ಣಿಗೆ ಕೊಡುತ್ತೆ ಅನ್ನೋದು ವಿಜ್ಞಾನ ಆಮೇಲೆ ಕೊಟ್ಟ ವಿವರಣೆ. ಒಂದೇ ಒಂದು ಕೊರತೆ ಅಂದ್ರೆ ಬೀಜವಾಗಲಿ ಎಣ್ಣೆಯಾಗಲಿ ತಿನ್ನೋಕೆ ಬರಲ್ಲ, ಕಹಿ.

ಆ ಕೊರತೆಯೇ ಒಂದು ಕಾಲಕ್ಕೆ ಇದರ ದೊಡ್ಡ ಅರ್ಹತೆ ಆಯ್ತು. ಅಮೆರಿಕದಲ್ಲಿ ಮೆಕ್ಕೆಜೋಳದಿಂದ ಎಥನಾಲ್ ತೆಗೆಯೋಕೆ ಶುರುಮಾಡಿದಾಗ, ಹೊಟ್ಟೆಗೆ ಹೋಗೋದನ್ನ ಕಾರಿನ ಟ್ಯಾಂಕಿಗೆ ಹಾಕಬಹುದಾ ಅನ್ನೋ ಜಗಳ ಹುಟ್ಟಿತು. ಹೊಂಗೆಗೆ ಆ ಜಗಳವೇ ಇಲ್ಲ. 2007ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕಡೆಯಿಂದ ಹಾಸನದ ಹತ್ತಿರ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನ ಆರಂಭವಾಯ್ತು. ಸಸ್ಯವಿಜ್ಞಾನಿ ಪ್ರೊ. ಬಾಲಕೃಷ್ಣ ಗೌಡರು ಅದರ ಮುಂದಾಳು. ಅವರ ಯೋಚನೆ ಸರಳ. ಇಂಧನಕ್ಕೆ ಅಂತ ಒಂದು ಗುಂಟೆ ಜಮೀನೂ ಬಿಡಬೇಡಿ. ರಾಗಿ ಬೆಳೆಯೋ ಜಾಗದಲ್ಲಿ ರಾಗಿಯೇ ಬೆಳೀಲಿ. ಬದು, ಬೇಲಿ, ಹಿತ್ತಿಲು, ಪಾಳು ಬಿದ್ದ ಮೂಲೆ, ಇಲ್ಲಿ ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಹಾಕಿ. ಒಂದೊಂದು ಮರದ ಬೀಜ ಒಂದೊಂದು ಕಾಲಕ್ಕೆ ಬರೋದ್ರಿಂದ ಆರಿಸೋ ಕೆಲಸವೂ ವರ್ಷದಲ್ಲಿ ಹಂಚಿಹೋಗುತ್ತೆ. ಹಳ್ಳಿ ಹಳ್ಳಿಯಲ್ಲಿ ರೈತರ ಸಂಘಗಳಾದವು, ಸಸಿ ಹಂಚಿದರು. 2009ರಲ್ಲಿ ರಾಜ್ಯ ಸರ್ಕಾರವೂ ಜೈವಿಕ ಇಂಧನ ನೀತಿ ತಂದಿತು. 'ಹಸಿರು ಹೊನ್ನು', 'ಬರಡು ಬಂಗಾರ' ಅಂತ ಕಾರ್ಯಕ್ರಮಗಳು ಬಂದವು.

ಅದೇ ಹೊತ್ತಿಗೆ ದೇಶದ ಉಳಿದ ಕಡೆ ಜತ್ರೋಫಾ ಜ್ವರ. 2009ರ ರಾಷ್ಟ್ರೀಯ ನೀತಿಯಲ್ಲಿ 2017ರ ಹೊತ್ತಿಗೆ ಡೀಸೆಲ್‌ಗೆ ಶೇ. 20ರಷ್ಟು ಜೈವಿಕ ಡೀಸೆಲ್ ಬೆರೆಸೋ ಗುರಿ ಇತ್ತು. ಬರಡು ನೆಲದಲ್ಲಿ ನೀರಿಲ್ಲದೆ ಬೆಳೆಯುತ್ತೆ ಅಂತ ನಂಬಿ ಹಾಕಿದ ಜತ್ರೋಫಾ, ಬದುಕಿದ್ದೇನೋ ಹೌದು, ಕಾಯಿ ಮಾತ್ರ ಬಿಡಲಿಲ್ಲ. ಬದುಕೋದು ಬೇರೆ, ಫಲ ಕೊಡೋದು ಬೇರೆ. 2018ರ ಹೊಸ ನೀತಿ ಆ ಗುರಿಯನ್ನ 2030ಕ್ಕೆ ಶೇ. 5 ಅಂತ ಇಳಿಸಿತು. ಇವತ್ತು ಪೆಟ್ರೋಲಿನಲ್ಲಿ ಶೇ. 20ರ ಎಥನಾಲ್ ಇದೆ, ಡೀಸೆಲಿನಲ್ಲಿ ಜೈವಿಕ ಡೀಸೆಲ್ ಶೇ. 1 ಕೂಡ ಇಲ್ಲ. ಎಥನಾಲ್‌ಗೆ ಸಕ್ಕರೆ ಕಾರ್ಖಾನೆ ಅನ್ನೋ ತಯಾರಾದ ದಾರಿ ಇತ್ತು. ಹೊಂಗೆ ಬೀಜಕ್ಕೆ ಇದ್ದಿದ್ದು ಮರದ ಕೆಳಗೆ ಬಗ್ಗಿ ಆರಿಸೋ ಕೈ ಮಾತ್ರ.

ತಂತ್ರಜ್ಞಾನದಲ್ಲಿ ತೊಂದರೆ ಇರಲಿಲ್ಲ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲೇ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ಹೊಂಗೆ ಎಣ್ಣೆಗೆ ಮೆಥನಾಲ್, ಜೊತೆಗೆ ಸ್ವಲ್ಪ ಕಾಸ್ಟಿಕ್ ಸೋಡಾ ಸೇರಿಸಿ ಹದವಾಗಿ ಬಿಸಿ ಮಾಡಿದರೆ ಜೈವಿಕ ಡೀಸೆಲ್ ಒಂದು ಕಡೆ, ಗ್ಲಿಸರಿನ್ ಒಂದು ಕಡೆ ಬೇರೆಯಾಗುತ್ತೆ. ಗ್ಲಿಸರಿನ್ ಸೋಪಿಗೆ ಆಗುತ್ತೆ. ಹಿಂಡಿ ತೋಟಕ್ಕೆ ಆಗುತ್ತೆ. ಬಿಸಾಕೋದು ಅಂತ ಏನೂ ಇಲ್ಲ.

ಹಾಗಾದ್ರೆ ಎಲ್ಲಿ ನಿಂತಿತು? ಒಂದು ಭಾನುವಾರ ಕೂತು ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿದೆ. ಬೀಜದಲ್ಲಿ ಸುಮಾರು ಮೂರನೇ ಒಂದು ಭಾಗ ಎಣ್ಣೆ ಇರುತ್ತೆ, ಹಳ್ಳಿ ಗಾಣದಲ್ಲಿ ಅಷ್ಟೂ ಬರಲ್ಲ. ಒಂದು ಲೀಟರ್ ಎಣ್ಣೆಗೆ ಹತ್ತಿರ ಹತ್ತಿರ 4 ಕಿಲೋ ಸುಲಿದ ಬೀಜ ಬೇಕು ಅಂತಿಟ್ಟುಕೊಳ್ಳಿ. ಡೀಸೆಲ್ 90 ರೂಪಾಯಿ ಅಂದ್ರೆ, ಗಾಣದ ಖರ್ಚು, ಮೆಥನಾಲ್, ಸಾಗಾಟ ಎಲ್ಲ ಸೊನ್ನೆ ಅಂದುಕೊಂಡರೂ ಎಣ್ಣೆಯ ಲೆಕ್ಕದಲ್ಲಿ ಕಿಲೋ ಬೀಜಕ್ಕೆ ಇಪ್ಪತ್ತೆರಡೂವರೆ ರೂಪಾಯಿಗಿಂತ ಮೇಲೆ ಕೊಡೋಕಾಗಲ್ಲ. ಉದ್ಯೋಗ ಖಾತ್ರಿ ಕೂಲಿ 2025-26ಕ್ಕೆ ನಮ್ಮ ರಾಜ್ಯದಲ್ಲಿ ದಿನಕ್ಕೆ 370 ರೂಪಾಯಿ ನಿಗದಿಯಾಗಿತ್ತು. ಅಷ್ಟು ಗಿಟ್ಟಬೇಕಾದ್ರೆ ಒಬ್ಬರು ದಿನಕ್ಕೆ ಹದಿನಾರು ಕಿಲೋಗೂ ಹೆಚ್ಚು ಬೀಜ ಆರಿಸಿ, ಒಣಗಿಸಿ, ಬಡಿದು, ಸುಲಿದು ಕೊಡಬೇಕು. ಹೊಂಗೆ ಕಾಯಿ ಸುಲಿದವರಿಗೆ ಗೊತ್ತು, ಅದು ಕಡಲೆಕಾಯಿ ಅಲ್ಲ, ಸಿಪ್ಪೆ ಗಟ್ಟಿ.

"ನಾಲ್ಕು ಕಿಲೋ ಸುಲಿಯೋ ಹೊತ್ತಿಗೆ ಬೆರಳು ಕಿತ್ತುಬರುತ್ತೆ ಕಣಪ್ಪ. ಆ ಹೊತ್ತಲ್ಲಿ ಕಳೆ ಕೀಳೋಕೆ ಹೋದ್ರೆ ಕೈಗೆ ಕಾಸು" ಅಂದ್ರು ನಮ್ಮವ್ವ. ನನ್ನ ಎಕ್ಸೆಲ್ ಹಾಳೆಯ ಸಾರಾಂಶವೂ ಅಷ್ಟೇ.

ಇನ್ನೊಂದು ತಮಾಷೆ ಕೇಳಿ. 2003ರಿಂದ ಮಂಗಳೂರು-ಹಾಸನ-ಬೆಂಗಳೂರು ಪೈಪ್‌ಲೈನಿನಲ್ಲಿ ಡೀಸೆಲ್, ಪೆಟ್ರೋಲ್ ನಮ್ಮ ಜಿಲ್ಲೆಯ ನೆಲದೊಳಗೇ ಹರೀತಿದೆ. ಎಲ್ಲಿಂದಲೋ ಹಡಗಿನಲ್ಲಿ ಬಂದ ಕಚ್ಚಾತೈಲ, ಕರಾವಳಿಯಲ್ಲಿ ಶುದ್ಧವಾಗಿ, ಘಟ್ಟ ಹತ್ತಿ, ನಮ್ಮ ಸೀಮೆ ದಾಟಿ ರಾಜಧಾನಿಗೆ ಹೋಗುತ್ತೆ. ನೆಲದ ಮೇಲೆ ಹೊಂಗೆ ಕಾಯಿ ಉದುರಿ ಹುಳ ಹಿಡಿಯುತ್ತೆ. ಮೇಲಿನದ್ದಕ್ಕಿಂತ ಕೆಳಗಿನದ್ದು ಅಗ್ಗ. ಯಾಕಂದ್ರೆ ಅದರ ಹೊಗೆಯ ಬೆಲೆಯನ್ನ ಯಾರೂ ಬಿಲ್ಲಿನಲ್ಲಿ ಹಾಕಲ್ಲ, ಇದರ ನೆರಳಿನ ಬೆಲೆಯನ್ನೂ ಹಾಕಲ್ಲ.

ಆಫೀಸಿನಲ್ಲಿ ಕ್ಲೀನ್ ಎನರ್ಜಿ ಅಂದ ಕೂಡಲೇ ಮಾತು ಎಲೆಕ್ಟ್ರಿಕ್ ಸ್ಕೂಟರಿನ ಮೈಲೇಜಿಗೆ ಹೋಗುತ್ತೆ. ಊರಲ್ಲಿ ಅದೇ ಪದಕ್ಕೆ ಬೇರೆ ಬೇರೆ ಅರ್ಥ. ಅರಕಲಗೂಡಿನ ರಾಮನಾಥಪುರ ಕಡೆ ಹೋದರೆ ಅದರ ಅರ್ಥ ಸೌದೆ. ಅಲ್ಲಿ ಹೊಗೆಸೊಪ್ಪಿನ ಬ್ಯಾರನ್‌ಗಳಿವೆ. ಹಸಿ ಸೊಪ್ಪನ್ನ ಕಡ್ಡಿಗೆ ಕಟ್ಟಿ, ಒಳಗೆ ಇಳಿಬಿಟ್ಟು, ಐದಾರು ದಿನ ಹಗಲೂ ರಾತ್ರಿ ಬೆಂಕಿ ಹಾಕಿ ಬೇಯಿಸಬೇಕು. ಮೊದಲು ಹಳದಿ ತಿರುಗುವಷ್ಟು ಸಣ್ಣ ಶಾಖ, ಆಮೇಲೆ ಎಲೆ ಒಣಗೋಕೆ, ಕೊನೆಗೆ ನಡುನರ ಒಣಗೋಕೆ ಜೋರು ಶಾಖ. ನಡುವೆ ಬೆಂಕಿ ಇಳಿದರೆ ಸೊಪ್ಪು ಕಪ್ಪಾಗುತ್ತೆ, ಹರಾಜಿನಲ್ಲಿ ರೇಟು ಬೀಳುತ್ತೆ. ಹಾಗಾಗಿ ಸೌದೆ ವಿಷಯದಲ್ಲಿ ಯಾವ ರೈತನೂ ಕೈ ಹಿಡಿಯಲ್ಲ. ಬದುವಿನ ಮರ ಮೊದಲು ನೆನಪಾಗೋದು ಆಗಲೇ.

ಚನ್ನರಾಯಪಟ್ಟಣದ ತೆಂಗಿನ ಸೀಮೆಯಲ್ಲಿ ಕ್ಲೀನ್ ಎನರ್ಜಿ ಅಂದ್ರೆ ಮಟ್ಟೆ, ಚಿಪ್ಪು, ಗರಿ. ಅಡುಗೆ ಗ್ಯಾಸಿಗೆ ಬಂದರೂ ಬಚ್ಚಲ ಹಂಡೆ ಇನ್ನೂ ಅದರಲ್ಲೇ ಕಾಯೋದು. ನಾವು 'ಬಯೋಮಾಸ್' ಅಂತ ಸ್ಲೈಡ್ ಮಾಡ್ತೀವಿ. ಅಲ್ಲಿ ಅದಕ್ಕೆ ಹೆಸರೇ ಇಲ್ಲ, ಬೆಳಗಿನ ಕೆಲಸ ಅಷ್ಟೇ.

ಇನ್ನು ಪಂಪ್‌ಸೆಟ್ ಇರೋ ಮನೆಗಳಲ್ಲಿ ಅದರ ಅರ್ಥ ನಿದ್ದೆ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತ ನಿಜ. ಆದರೆ ತ್ರೀ ಫೇಸ್ ರಾತ್ರಿ ಪಾಳಿಯಲ್ಲಿ ಬಂದರೆ, ಎರಡು ಗಂಟೆಗೆ ಎದ್ದು ಟಾರ್ಚು ಹಿಡಿದು ಹೋಗಬೇಕು. ಕಾಲ ಕೆಳಗೆ ಹಾವಿದೆಯೋ, ಕಾಡಂಚಿನ ಊರಾದರೆ ಎದುರಿಗೆ ಆನೆಯಿದೆಯೋ ಅನ್ನೋ ಭಯ ಬೇರೆ. 2019ರಲ್ಲಿ ಬಂದ ಕುಸುಮ್ ಯೋಜನೆಯಲ್ಲಿ ಪಂಪ್‌ಸೆಟ್‌ಗಳಿಗೂ ಅವುಗಳ ಫೀಡರಿಗೂ ಸೌರಶಕ್ತಿ ಕೊಡೋ ದಾರಿ ಇದೆ. ಅದರ ಲಾಭವನ್ನ ಇಂಗಾಲದ ಟನ್ನುಗಳಲ್ಲಿ ಅಳೀತಾರೆ. ನನ್ನ ಕೇಳಿದರೆ, ಸೂರ್ಯ ಹಗಲು ಹೊತ್ತಲ್ಲೇ ಕೆಲಸ ಮಾಡ್ತಾನಲ್ಲ, ಅದೇ ದೊಡ್ಡ ಲಾಭ. ಅರವತ್ತು ದಾಟಿದ ಅಪ್ಪ ರಾತ್ರಿ ಪೂರ್ತಿ ಮಲಗ್ತಾರೆ ಅನ್ನೋದಕ್ಕಿಂತ ಸ್ವಚ್ಛವಾದ ಇಂಧನ ನನಗಂತೂ ಗೊತ್ತಿಲ್ಲ.

ಪಾವಗಡದಲ್ಲಿ ಸುಮಾರು 13,000 ಎಕರೆ ಗುತ್ತಿಗೆಗೆ ತಗೊಂಡು 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಮಾಡಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಶುರುವಾಯ್ತು. ಮಳೆಯಿಲ್ಲದ ನೆಲಕ್ಕೆ ಅದು ನಿಜಕ್ಕೂ ಆಸರೆ. ಆದರೆ ಗುತ್ತಿಗೆ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕೂಲಿ ಮಾಡ್ತಿದ್ದವರ ಹೆಸರು ಪಹಣಿಯಲ್ಲಿ ಇರಲ್ಲ. ಹೊಂಗೆ ಬೀಜದ್ದು ಇದರ ತಿರುಗುಮುರುಗು. ಜಮೀನಿಲ್ಲದವರೂ ಆರಿಸಬಹುದು, ಆದರೆ ಆರಿಸಿದ್ದಕ್ಕೆ ಕೂಲಿ ಗಿಟ್ಟಲ್ಲ. ಬಿಸಿಲು ಕೊಯ್ಯೋಕೆ ಜನ ಬೇಕಿಲ್ಲ, ಬೀಜಕ್ಕೆ ಬೇಕು. ಆ ಜನರ ಕೂಲಿಯನ್ನ ಡೀಸೆಲ್ ರೇಟಿಗೆ ಕಟ್ಟಿಹಾಕಿದ್ದೇ ಸಮಸ್ಯೆ ಅಂತ ನನಗನ್ನಿಸೋದು. ಮರ ನೆಡೋಕೆ ಸಬ್ಸಿಡಿ ಕೊಡ್ತೀವಿ. ಬೀಜ ಆರಿಸಿದ ದಿನವನ್ನೂ ಕೂಲಿಯ ದಿನ ಅಂತ ಯಾಕೆ ಬರೆಯಬಾರದು?

ಇದೆಲ್ಲ ಹೇಳೋಕೆ ಒಂದು ಕಾರಣವಿದೆ. ನಮ್ಮ ಹೊಲದ ಬದುವಿನಲ್ಲಿ ಏಳು ಹೊಂಗೆ ಮರ ಇವೆ. ಹೋದ ವರ್ಷ ಭಾಗ ಆಗೋ ಮಾತು ಬಂದಾಗ ಅಣ್ಣ ಅಂದ, "ಇವನ್ನ ತೆಗೆಸಿಬಿಡೋಣ. ಜೆಸಿಬಿ ತಂದರೆ ಅರ್ಧ ದಿನದ ಕೆಲಸ. ಸೌದೆಗೂ ಗಿರಾಕಿ ಇದಾರೆ."

ನಾನು ನೆರಳು, ಸಾರಜನಕ, ಇಂಗಾಲ ಅಂತ ಶುರುಮಾಡಿದೆ.

"ನೀನು ಬೆಂಗಳೂರಲ್ಲಿ ಕೂತು ಮರ ಎಣಿಸ್ತೀಯ. ಆ ನೆರಳಲ್ಲಿ ಎಷ್ಟು ಸಾಲು ರಾಗಿ ಏಳಲ್ಲ ಅಂತ ನಾನು ಎಣಿಸ್ತೀನಿ" ಅಂದ.

ಅವನ ಲೆಕ್ಕ ಸುಳ್ಳಲ್ಲ. ಶುದ್ಧ ಗಾಳಿ ನನಗೂ ಸಿಗುತ್ತೆ ನಿಮಗೂ ಸಿಗುತ್ತೆ, ಏಳದ ರಾಗಿ ಸಾಲು ಅವನೊಬ್ಬನದ್ದೇ ನಷ್ಟ. ಕೊನೆಗೆ ಅಪ್ಪ ತೀರ್ಮಾನ ಹೇಳಿದರು: ಬುಡಕ್ಕೆ ಕೊಡಲಿ ಬೇಡ, ವರ್ಷಕ್ಕೊಮ್ಮೆ ರೆಂಬೆ ಸವರೋದು, ಸೊಪ್ಪು ಹೊಲಕ್ಕೆ, ಕಡ್ಡಿ ಹಂಡೆ ಒಲೆಗೆ. ಬೀಜ ಆರಿಸೋ ಕೂಲಿ ನನ್ನದು ಅಂತ ನಾನು ಒಪ್ಪಿಕೊಂಡೆ. ಈ ಸಲ ಇಬ್ಬರು ಹೆಂಗಸರು ನಾಲ್ಕು ದಿನ ಕೆಲಸ ಮಾಡಿದರು. ಗಾಣಕ್ಕೆ ಹಾಕಿಸಿದ್ದರಲ್ಲಿ ಹಿಂಡಿ ಅಣ್ಣನ ತೆಂಗಿನ ಬುಡಕ್ಕೆ ಹೋಯ್ತು. ಎಣ್ಣೆ ಮಾರಿ ಬಂದ ದುಡ್ಡು, ಅಣ್ಣ ಕೊಂಡು ತರಬೇಕಾಗಿದ್ದ ಗೊಬ್ಬರದಲ್ಲಿ ಉಳಿದ ದುಡ್ಡು ಎರಡೂ ಸೇರಿಸಿ ನೋಡಿದರೆ ನನ್ನ ಕೈಯಿಂದ ಹೋಗಿದ್ದು ಬೆಂಗಳೂರಿನಲ್ಲಿ ನಾವಿಬ್ಬರು ಹೊರಗೆ ಊಟ ಮಾಡುವ ಒಂದು ಸಂಜೆಯ ಬಿಲ್ಲಿನಷ್ಟು.

ನಿಮ್ಮ ಊರಲ್ಲೂ ಬದು ಇರಬಹುದು, ಅದರ ಮೇಲೊಂದು ಹೊಂಗೆಯೂ ಇರಬಹುದು. ಕಡೀಬೇಡಿ ಅಂತ ಫೋನಿನಲ್ಲಿ ಹೇಳೋದು ಸುಲಭ. ಹೇಳೋ ಮೊದಲು ಅದರ ನೆರಳಿನಲ್ಲಿ ಬೆಳೆ ಕಳಕೊಳ್ಳೋದು ಯಾರು ಅಂತ ಕೇಳಿ, ಆ ಸಾಲಿನ ಬೆಲೆ ಎಷ್ಟು ಅಂತಲೂ ಕೇಳಿ. ಬಹಳ ಸಲ ಅದು ನಾವು ಕೊಡಬಹುದಾದಷ್ಟೇ ಇರುತ್ತೆ.